ಭಾನುವಾರ ಮೊದಲು ಬರುವ ದ್ವೀಪದಲ್ಲಿ ಎಂಟು ದಿನ

ಮೊದಲ ದಿನ: ನಾಂದಿಯಿಂದ ಕಿರಿಸ್ಮಾಸ್

ಫಿಜಿಯ ನಾಂದಿಯಿಂದ ಹೊರಟು ಹೊನೊಲುಲುವಿಗೆ ಹೋಗುವ ಫಿಜಿ ಏರ್‌ವೇಸ್ ವಿಮಾನ ವಾರಕ್ಕೊಮ್ಮೆ ಪೆಸಿಫಿಕ್ ಸಾಗರದ ನಡುವೆ ಒಂದು ದ್ವೀಪದಲ್ಲಿ ಇಳಿಯುತ್ತದೆ. ಭೂಪಟದಲ್ಲಿ ಅದರ ಹೆಸರು ಕಿರಿಟಿಮಾಟಿ ಎಂದಿದ್ದರೂ ಓದುವುದು ಕಿರಿಸ್ಮಾಸ್ ಎಂದೇ. ಅಲ್ಲಿನ ಭಾಷೆಯ 13 ಅಕ್ಷರಗಳಲ್ಲಿ ಸಕಾರವಿಲ್ಲ, ‘ಟಿ’ ಬರೆದು ‘ಸ್’ ಎನ್ನುತ್ತಾರೆ. ದೇಶದ ಹೆಸರು ಕಿರಿಬಾಟಿ ಅಲ್ಲ, ಕಿರಿಬಾಸ್. 1777ರ ಡಿಸೆಂಬರ್ 24ರಂದು ಕ್ಯಾಪ್ಟನ್ ಕುಕ್ ಇಲ್ಲಿಗೆ ಬಂದದ್ದರಿಂದ ಯೇಸುವಿನ ಜನನದ ಹಬ್ಬವೇ ದ್ವೀಪದ ಹೆಸರಾಯಿತು.

ಅಲ್ಲಿನ ಕಥೋಲಿಕ ಮಕ್ಕಳಿಗೆ ಧರ್ಮಪಾಠ ಹೇಳಲು ಹೋಗುವವರಿಗೆ ವಾರಕ್ಕೊಂದೇ ವಿಮಾನ ಎಂದರೆ ಮರೆತ ಸಾಮಾನು ಮುಂದಿನ ವಾರದವರೆಗೂ ಸಿಗದು. ಅರವತ್ತು ಮಕ್ಕಳಿಗೆ, ಆರರಿಂದ ಹದಿನಾಲ್ಕು ವಯಸ್ಸಿನವರಿಗೆ, ‘ಲೋಕವ್ಯಾಪಿ ಧರ್ಮಸಭೆ’ ಎಂಬ ಪಾಠಕ್ಕೆ ಬೇಕಾಗುವುದು ಇಷ್ಟು: ಆರು ಅಡಿ ಅಗಲದ ಒಂದು ಭೂಪಟ, ಐದು ಬಣ್ಣದ ನೈಲಾನ್ ಹುರಿ, 30 ಮೀಟರ್ ಹಗ್ಗ, ಲ್ಯಾಮಿನೇಟ್ ಮಾಡಿಸಿದ 40 ಚಿತ್ರಗಳು, ಅಳಿಸಿಹೋಗದ ಶಾಯಿಯ ಮಾರ್ಕರ್ ಪೆನ್ನು 24, ಎರಡು ಟಾರ್ಚು, ಅದಕ್ಕೆ ಬದಲಿ ಸೆಲ್ಲು. ಭೂಪಟವನ್ನು ಕಾಗದದ ಮೇಲೆ ತರಬೇಡಿ. ಉಪ್ಪುಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗಿ ಮಡಿಕೆಯಲ್ಲಿ ಹರಿಯುತ್ತದೆ. ನಮ್ಮೂರ ಫ್ಲೆಕ್ಸ್ ಅಂಗಡಿಯಲ್ಲಿ ಮುದ್ರಿಸಿ ಸುರುಳಿ ಸುತ್ತಿ ತಂದರೆ ವರ್ಷಗಟ್ಟಲೆ ಬಾಳುತ್ತದೆ.

ಇನ್ನೊಂದು ವಿಷಯವನ್ನು ಮುದ್ರಣಕ್ಕೆ ಕೊಡುವಾಗಲೇ ನೋಡಿಕೊಳ್ಳಬೇಕು. ಸಾಮಾನ್ಯ ಭೂಪಟದ ನಡುವೆ ಯುರೋಪು, ಆಫ್ರಿಕಾಗಳಿರುತ್ತವೆ. ಪೆಸಿಫಿಕ್ ಎರಡು ತುಂಡಾಗಿ ಅಂಚಿಗೆ ಸರಿದಿರುತ್ತದೆ. ಕಿರಿಬಾಸ್ ದೇಶದ 33 ದ್ವೀಪಗಳಲ್ಲಿ ಕೆಲವು ಬಲ ತುದಿಯಲ್ಲಿ, ಕೆಲವು ಎಡ ತುದಿಯಲ್ಲಿ. ಅಂಥ ಪಟ ತೂಗುಹಾಕಿ ‘ಇದೇ ಲೋಕ, ನಾವೆಲ್ಲ ಒಂದೇ ಸಭೆ’ ಎಂದರೆ, ತನ್ನ ದೇಶವೇ ಕತ್ತರಿಸಿ ಬಿದ್ದಿರುವುದನ್ನು ನೋಡುತ್ತಿರುವ ಮಗು ಏನೆಂದುಕೊಂಡೀತು? ಪೆಸಿಫಿಕ್ ನಡುವಿನಲ್ಲಿರುವ ಪಟವನ್ನೇ ಮುದ್ರಿಸಿ. ಈ ಪ್ರವಾಸದ ಪಾಠಗಳೆಲ್ಲ ನಿಂತಿರುವುದು ಇದೊಂದರ ಮೇಲೆ: ಲೋಕವನ್ನು ಮಗು ಕುಳಿತ ಜಾಗದಿಂದ ಎಣಿಸಲು ಶುರುಮಾಡಬೇಕು.

ಜಪಸರಕ್ಕೆಂದು ಮರದ ಮಣಿ, ಬೀಜದ ಮಣಿಗಳನ್ನು ಕಟ್ಟಿಕೊಂಡು ಹೋಗುವುದು ಬೇಡ. ದ್ವೀಪದೇಶಗಳಲ್ಲಿ ಬೀಜ, ಮರ, ಸಸ್ಯದ ತಪಾಸಣೆ ಬಿಗಿ. ಮಣಿಗೆ ಬೇಕಾದದ್ದು ಅಲ್ಲಿನ ಕಡಲಂಚಿನಲ್ಲೇ ಬಿದ್ದಿರುತ್ತದೆ. ಖರ್ಚಿಗೆ ಆಸ್ಟ್ರೇಲಿಯಾದ ಡಾಲರನ್ನು ಚಿಲ್ಲರೆಯಾಗಿ ಇಟ್ಟುಕೊಳ್ಳಿ.

ಎರಡನೆಯ ದಿನ: ಮನೆಯಾಬದಲ್ಲಿ ಭೂಪಟ

ಪಾಠ ನಡೆಯುವುದು ಮನೆಯಾಬದಲ್ಲಿ. ಗೋಡೆಯಿಲ್ಲದ, ಇಳಿಜಾರು ಮಾಡಿನ ದೊಡ್ಡ ಸಭಾಚಾವಡಿ ಅದು. ಚಪ್ಪಲಿ ಹೊರಗೆ ಬಿಟ್ಟು, ತಗ್ಗಾದ ಮಾಡಿನ ಅಂಚಿಗೆ ತಲೆಬಾಗಿ ಒಳಗೆ ಹೋಗಬೇಕು. ಕೇದಗೆ ಜಾತಿಯ ಎಲೆಯಿಂದ ಹೆಣೆದ ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂರಬೇಕು, ಹಿರಿಯರ ಕಡೆ ಕಾಲು ಚಾಚಬಾರದು. ಪಾಠ ಹೇಳುವವರು ಎದ್ದುನಿಂತು ಅತ್ತಿತ್ತ ಓಡಾಡುವುದೂ ಅಲ್ಲಿಗೆ ಒಗ್ಗದು. ಕುಳಿತೇ ಹೇಳಿಕೊಟ್ಟರೆ ಮಕ್ಕಳೂ ಹತ್ತಿರ ಸರಿಯುತ್ತಾರೆ. ಮೊದಲ ಮಾತು ‘ಕಾಮ್ ನಾ ಮೌರಿ’, ಎಲ್ಲರಿಗೂ ನಮಸ್ಕಾರ ಎಂದರ್ಥ.

ಚಿಕ್ಕವರಿಗೆ ಇಂಗ್ಲಿಷ್ ಬಾರದು. ಊರಿನ ಉಪದೇಶಿ, ಅಂದರೆ ಧರ್ಮಪಾಠ ಹೇಳಿಕೊಡುವವರು, ಒಂದೊಂದು ವಾಕ್ಯವನ್ನೂ ಕಿರಿಬಾಸ್ ಭಾಷೆಗೆ ತಿರುಗಿಸುತ್ತಾರೆ. ಆದ್ದರಿಂದ 20 ನಿಮಿಷಕ್ಕೆಂದು ಬರೆದ ಪಾಠ 40 ನಿಮಿಷ ಹಿಡಿಯುತ್ತದೆ. ಅದಕ್ಕಿಂತ ಉದ್ದದ್ದನ್ನು ತಯಾರಿಸಬೇಡಿ. ಹಿಂದಿನ ರಾತ್ರಿಯೇ ಉಪದೇಶಿಯ ಜೊತೆ ಕುಳಿತು ಕಷ್ಟದ ಪದಗಳನ್ನು ಗುರುತು ಹಾಕಿಕೊಳ್ಳಬೇಕು. ‘ಧರ್ಮಪ್ರಾಂತ್ಯ’, ‘ಖಂಡ’ ಎಂಬೆರಡೇ ಪದಗಳಿಗೆ ಅರ್ಧ ಗಂಟೆ ಹೋಗಬಹುದು. ಖಂಡ ಎಂಬ ಕಲ್ಪನೆಯೇ ಇಲ್ಲಿ ಕಠಿಣ. ನೂರಾರು ಹರದಾರಿ ನಡೆದರೂ ಕಡಲು ಸಿಗದ ನೆಲವನ್ನು ಈ ಮಕ್ಕಳು ಕಂಡಿಲ್ಲ.

ಪಟ ಬಿಚ್ಚಿದ ಮೇಲೆ ಮೊದಲ ಕೆಲಸ ತಮ್ಮ ದ್ವೀಪವನ್ನು ಹುಡುಕುವುದು. ಕಿರಿಸ್ಮಾಸ್ ಸುಮಾರು 388 ಚದರ ಕಿಲೋಮೀಟರಿನದು, ಹವಳದ ದ್ವೀಪಗಳಲ್ಲಿ ನೆಲದ ಲೆಕ್ಕಕ್ಕೆ ಅತಿ ದೊಡ್ಡದು. ಆದರೂ ಆರಡಿಯ ಪಟದಲ್ಲಿ ಅದು ಸೂಜಿಮೊನೆಯಷ್ಟೂ ಇರುವುದಿಲ್ಲ. ಆ ಜಾಗಕ್ಕೆ ಮಕ್ಕಳ ಕೈಯಿಂದಲೇ ಕೆಂಪು ಚುಕ್ಕೆ ಅಂಟಿಸಬೇಕು. ಎರಡನೆಯ ಚುಕ್ಕೆ ತರಾವಕ್ಕೆ, ಅವರ ಧರ್ಮಾಧ್ಯಕ್ಷರು (ಬಿಷಪ್) ಇರುವ ಊರಿಗೆ. ಎರಡರ ನಡುವೆ ಸುಮಾರು 3,300 ಕಿಲೋಮೀಟರ್, ಬೆಂಗಳೂರಿನಿಂದ ದೆಹಲಿಗೆ ಇರುವ ದೂರದ ಹೆಚ್ಚುಕಡಿಮೆ ಇಮ್ಮಡಿ. ಒಂದೇ ಧರ್ಮಪ್ರಾಂತ್ಯದೊಳಗಿನ ಅಂತರವಿದು. ಮೂರನೆಯದು ರೋಮ್, ನಾಲ್ಕನೆಯದು ಪಾಠ ಹೇಳಲು ಬಂದವರ ಊರು. ಮಂಗಳೂರಾದರೆ ಸುಮಾರು 14,000 ಕಿಲೋಮೀಟರ್.

ಸಭೆ ಇಲ್ಲಿಗೆ ಬಂದ ಬಗೆಯನ್ನು ಹೇಳುವಾಗ ಹಲವರು ತಪ್ಪುವ ಜಾಗವೊಂದಿದೆ. ಯುರೋಪಿನಿಂದ ಹಡಗು ಬಂತು, ಗುರುಗಳು ಇಳಿದರು ಎಂದು ಶುರುಮಾಡುತ್ತಾರೆ. ನಡೆದದ್ದು ಹಾಗಲ್ಲ. ಬೆಟೆರೊ ಮತ್ತು ತಿರೋಯಿ ಎಂಬ ಇಬ್ಬರು ಇದೇ ನಾಡಿನವರು ದುಡಿಯಲು ತಾಹಿತಿಗೆ ಹೋಗಿ, ಅಲ್ಲಿ ದೀಕ್ಷಾಸ್ನಾನ ಪಡೆದು, ಊರಿಗೆ ಮರಳಿ ನೊನೌತಿ ದ್ವೀಪದಲ್ಲಿ ಜನರಿಗೆ ಜಪ ಕಲಿಸಿದರು. ಅವರು ಸಿದ್ಧಮಾಡಿದ ನೆಲಕ್ಕೆ ಯೇಸುವಿನ ಪವಿತ್ರ ಹೃದಯ ಸಭೆಯ ಗುರುಗಳು ಬಂದದ್ದು 1888ರಲ್ಲಿ. ಆ ಗುರುಗಳ ಸಭೆ ಹುಟ್ಟಿದ್ದು 1854ರಲ್ಲಿ, ಫ್ರಾನ್ಸಿನ ಇಸ್ಸೂದುನ್ ಎಂಬ ಊರಿನಲ್ಲಿ. ಬೆಟೆರೊ, ತಿರೋಯಿ ಹೆಸರು ಮೊದಲು ಬರಲಿ, ಇಸ್ಸೂದುನ್ ಆಮೇಲೆ ಬರಲಿ.

ಮೂರನೆಯ ದಿನ: ತೆಂಗಿನಕಾಯಿಯ ಭೂಗೋಳ

ಭೂಗೋಳದ ಗೋಲವನ್ನು ವಿಮಾನದಲ್ಲಿ ಹೊತ್ತು ತರಬೇಕಿಲ್ಲ. ಚೆನ್ನಾಗಿ ಬಲಿತ ತೆಂಗಿನಕಾಯಿ ಸಾಕು. ಸಿಪ್ಪೆ ಸುಲಿದ ಕಾಯಿಯ ಮೈಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರು ಏಣುಗಳಿರುವುದನ್ನು ನಮ್ಮ ಕರಾವಳಿಯ ಮಕ್ಕಳೂ ಬಲ್ಲರು. ಆ ಮೂರು ಏಣುಗಳೇ ರೇಖಾಂಶಗಳು. ಒಂದಕ್ಕೊಂದು ಸರಿಸುಮಾರು 120 ಡಿಗ್ರಿ ಅಂತರ.

ಐದು ಮಕ್ಕಳಿಗೆ ಒಂದರಂತೆ 12 ಕಾಯಿ ಬೇಕು. ನಡುಸುತ್ತಳತೆ 36 ಸೆಂಟಿಮೀಟರಿನ ಹತ್ತಿರವಿರುವ ಗುಂಡನೆಯ ಕಾಯಿಗಳನ್ನು ಆರಿಸಿ. ಆಗ ನಡುಗೆರೆಯ ಮೇಲೆ 10 ಡಿಗ್ರಿಗೆ ಒಂದು ಸೆಂಟಿಮೀಟರ್ ಸರಿಹೋಗಿ ಲೆಕ್ಕ ಸುಲಭವಾಗುತ್ತದೆ. ನಾರನ್ನು ಕತ್ತಿಯಿಂದ ಹೆರೆದು, ಹವಳದ ಕಲ್ಲಿನಿಂದ ಒದ್ದೆಮಾಡಿ ಉಜ್ಜಿ, ಬಟ್ಟೆಯಿಂದ ಒರೆಸಿ ಒಂದು ಗಂಟೆ ಬಿಸಿಲಿಗೆ ಇಡಬೇಕು. ನಾರಿನ ಎಳೆ ಉಳಿದರೆ ಮಾರ್ಕರಿನ ಶಾಯಿ ಎಳೆ ಹಿಡಿದು ಹರಡಿ, ಆಫ್ರಿಕಾವೂ ಭಾರತವೂ ಒಂದಾಗಿಬಿಡುತ್ತವೆ. ಕತ್ತಿ ಹಿಡಿಯುವುದು ಹತ್ತು ದಾಟಿದ ಮಕ್ಕಳ ಕೆಲಸ. ಅದರಲ್ಲಿ ಅವರು ಹೊರಗಿನಿಂದ ಬಂದವರಿಗಿಂತ ನಿಪುಣರು.

ಕಣ್ಣುಗಳಿರುವ ತುದಿ ದಕ್ಷಿಣ ಧ್ರುವ. ಮೆತ್ತಗಿನ ಕಣ್ಣನ್ನು ಚುಚ್ಚಿ ನೀರು ಬಸಿಯಿರಿ. ನಡುವಿಗೆ ಒಂದು ದಾರ ಕಟ್ಟಿದರೆ ಸಮಭಾಜಕ. ಒಂದು ಏಣನ್ನು 180 ಡಿಗ್ರಿ ಎಂದು ಗುರುತಿಸಿ ಕೆಂಪು ಗೆರೆ ಎಳೆಯಿರಿ. ಉತ್ತರ ಮೇಲಿರುವಂತೆ ಹಿಡಿದರೆ, ಅದರ ಬಲಕ್ಕಿರುವ ಏಣು ಪಶ್ಚಿಮ 60, ಬ್ರೆಜಿಲಿನ ನಡುವೆ ಹಾಯುವ ಗೆರೆ. ಎಡಕ್ಕಿರುವುದು ಪೂರ್ವ 60, ನಮ್ಮ ಅರಬ್ಬೀ ಸಮುದ್ರದ ಗೆರೆ. ಕೆಂಪು ಗೆರೆಯಿಂದ ಬಲಕ್ಕೆ ಎರಡೂಕಾಲು ಸೆಂಟಿಮೀಟರ್, ದಾರಕ್ಕೆ ತಾಗಿದಂತೆ ಮೇಲೆ ಒಂದು ಚುಕ್ಕೆ ಇಟ್ಟರೆ ಅದೇ ಕಿರಿಸ್ಮಾಸ್. ಅರಬ್ಬೀ ಏಣಿನಿಂದ ಬಲಕ್ಕೆ ಒಂದೂವರೆ, ದಾರದಿಂದ ಮೇಲೆ ಒಂದೂಕಾಲು ಸೆಂಟಿಮೀಟರಿಗೆ ಮಂಗಳೂರು. ಕೆಂಪು ಗೆರೆಗೆ ನೇರ ಬೆನ್ನಿನ ಕಡೆ ಸೊನ್ನೆ ಡಿಗ್ರಿ. ಅಲ್ಲಿಂದ ತುಸು ಬಲಕ್ಕೆ, ದಾರದಿಂದ ನಾಲ್ಕು ಸೆಂಟಿಮೀಟರ್ ಮೇಲೆ ರೋಮ್. ಎಡ-ಬಲ ಅದಲುಬದಲಾದರೆ ಮಂಗಳೂರು ಅಮೆರಿಕಕ್ಕೆ ಹೋಗುತ್ತದೆ. ಹನ್ನೆರಡು ಕಾಯಿಗಳಲ್ಲಿ ಎರಡು ಮೂರು ಹೀಗಾಗುವುದು ಖಂಡಿತ. ಆದ್ದರಿಂದ ಮೊದಲ ಚುಕ್ಕೆಯನ್ನು ಪೆನ್ಸಿಲಿನಿಂದ ಇಟ್ಟು, ಫ್ಲೆಕ್ಸಿನ ಪಟದ ಜೊತೆ ತಾಳೆ ನೋಡಿದ ಮೇಲೆಯೇ ಶಾಯಿ ಹಾಕಿಸಿ.

ನಂತರ ಒಂದು ಕಾಯಿಗೆ ಕಿರಿಸ್ಮಾಸ್ ಚುಕ್ಕೆಯಲ್ಲಿ ಕಾಯಿಸಿದ ಮೊಳೆಯಿಂದ ತೂತು ಮಾಡಿ, ಸೈಕಲ್ಲಿನ ಕಡ್ಡಿಯನ್ನು ಕಾಯಿಯ ನಡುಮಧ್ಯ ಹಾಯುವಂತೆ ತೂರಿಸಬೇಕು. ಇದನ್ನು ದೊಡ್ಡವರೇ ಮಾಡಬೇಕು. ಕಡ್ಡಿ ಹೊರಬರುವ ಜಾಗ ಆಫ್ರಿಕಾದ ಕಾಂಗೋ. ದ್ವೀಪದಿಂದ ಭೂಮಿಯ ಮೇಲೆ ಇದಕ್ಕಿಂತ ದೂರ ಹೋಗಲು ಸಾಧ್ಯವಿಲ್ಲ, ಯಾವ ದಿಕ್ಕಿಗೆ ಹೊರಟರೂ 20,000 ಕಿಲೋಮೀಟರ್. ಆ ತುದಿಯಲ್ಲಿ ಯಾರಿದ್ದಾರೆ ಎಂದು ಕೇಳಿದಾಗ ಮಕ್ಕಳು ಸುಮ್ಮನಾಗುತ್ತಾರೆ. ಅಲ್ಲಿರುವವರೂ ಚರ್ಚಿನ ಬಲಿಪೂಜೆಗೆ (ಮಾಸ್‌ಗೆ) ಹೋಗುವವರೇ. ಆಫ್ರಿಕಾದಲ್ಲಿ ಅತಿ ಹೆಚ್ಚು ಕಥೋಲಿಕರಿರುವ ದೇಶಗಳಲ್ಲಿ ಕಾಂಗೋ ಒಂದು. ಅಲ್ಲಿನ ಪೂಜೆಯ ಕ್ರಮಕ್ಕೆ 1988ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಕುಣಿತವೂ ಉಂಟು, ಪೂರ್ವಜರ ಸ್ಮರಣೆಯೂ ಉಂಟು. ಕೂತು ಕುಣಿಯುವ ‘ತೆ ಬಿನೊ’ ನೃತ್ಯದ ನಾಡಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಕಾಂಗೋದವರಲ್ಲಿ ಹೇಳಬೇಕಾದ ಕಥೆ ಇಸಿದೋರ್ ಬಕಾಂಜನದು. ರಬ್ಬರ್ ಕಂಪನಿಯಲ್ಲಿ ದುಡಿಯುತ್ತಿದ್ದ ಯುವಕ. ಭಕ್ತಿಯ ಗುರುತಾಗಿ ಧರಿಸುವ ಪುಟ್ಟ ಬಟ್ಟೆತುಂಡಾದ ಮಾತೆ ಮರಿಯಮ್ಮನ ಉತ್ತರೀಯವನ್ನು ಕೊರಳಿನಿಂದ ತೆಗೆಯಲಿಲ್ಲವೆಂದು ಮೇಲಾಳು ಹೊಡೆಸಿದ ಪೆಟ್ಟಿನಿಂದ ಗಾಯ ಕೊಳೆತು 1909ರಲ್ಲಿ ತೀರಿಕೊಂಡ. ಹೊಡೆಸಿದವನನ್ನು ಕ್ಷಮಿಸಿ ಸತ್ತ. 1994ರಲ್ಲಿ ಅವನನ್ನು ಪುನೀತನೆಂದು, ಅಂದರೆ ಸಂತ ಪದವಿಗೆ ಮುಂಚಿನ ಹಂತಕ್ಕೆ, ಸಾರಲಾಯಿತು. ಕಿರಿಸ್ಮಾಸಿನಲ್ಲಿ ಮೂಲನಿವಾಸಿಗಳಿರಲಿಲ್ಲ, ಈ ಮಕ್ಕಳ ಹಿರಿಯರಲ್ಲಿ ಅನೇಕರು ಬಂದದ್ದು ತೆಂಗಿನ ತೋಟದ ಕೆಲಸಕ್ಕೆ. ತೋಟದ ಆಳಿನ ಬದುಕು ಅವರಿಗೆ ಹೊಸದಲ್ಲ. ಪೆಟ್ಟಿನ ವಿವರವನ್ನು ಚಿಕ್ಕವರ ಮುಂದೆ ಹಿಗ್ಗಿಸಬಾರದು, ಕ್ಷಮೆಯ ಮಾತನ್ನು ಮಾತ್ರ ಬಿಡಬಾರದು.

ಒಳಗೆ ಕೊಬ್ಬರಿ ಉಳಿದ ಕಾಯಿ ಮೂರನೆಯ ದಿನಕ್ಕೆ ನಾರುತ್ತದೆ. ಕಣ್ಣಿನ ತೂತನ್ನು ಮೇಣದಿಂದ ಮುಚ್ಚಿದರೆ ಇನ್ನೂ ಬೇಗ. ತೂತನ್ನು ತೆರೆದೇ ಬಿಟ್ಟು ಬಿಸಿಲಿಗಿಟ್ಟರೆ ಕೊಬ್ಬರಿ ಒಣಗಿ ಬಿಟ್ಟುಕೊಂಡು ಒಳಗೇ ಗಲಗಲ ಎನ್ನುತ್ತದೆ, ವಾಸನೆಯಿಲ್ಲ.

ನಾಲ್ಕನೆಯ ದಿನ: ಕವಡೆಯ ಜಪಸರ, ಎರಡು ವಾರಗಳ ಚಾಪೆ

ಶನಿವಾರ ಬೆಳಿಗ್ಗೆ ಇಳಿತದ ಹೊತ್ತು ನೋಡಿ ಮಕ್ಕಳೊಡನೆ ದಂಡೆಗೆ ಹೋಗಬೇಕು. ನಮ್ಮಲ್ಲಿ ಚೌಕಾಬಾರ ಆಡುವ ಕವಡೆ ಅಲ್ಲಿನ ಹವಳದ ಕಲ್ಲುಗಳ ನಡುವೆ ಸಿಗುತ್ತದೆ. ಖಾಲಿಯಾದವನ್ನು ಮಾತ್ರ ಆರಿಸಬೇಕು. ಜೀವವಿದ್ದದ್ದನ್ನು ತಂದರೆ ಪಾಪವೂ ಹೌದು, ಮರುದಿನ ದುರ್ವಾಸನೆಯೂ ಹೌದು. ಕೆಲವು ಚಿಪ್ಪುಗಳೊಳಗೆ ಸನ್ಯಾಸಿ ಏಡಿ ಮನೆಮಾಡಿರುತ್ತದೆ. ಆರಿಸಿದ್ದನ್ನೆಲ್ಲ ಐದು ನಿಮಿಷ ನೆರಳಲ್ಲಿ ಬಿಟ್ಟರೆ ಏಡಿಗಳು ತಾವೇ ನಡೆದುಹೋಗುತ್ತವೆ. ಕವಡೆಯ ಉಬ್ಬಿದ ಬೆನ್ನನ್ನು ಒರಟು ಹವಳದ ಕಲ್ಲಿನ ಮೇಲೆ ನೀರು ಚಿಮುಕಿಸುತ್ತ ಉಜ್ಜಿದರೆ ಕೆಲ ನಿಮಿಷಗಳಲ್ಲಿ ತೂತು ಬೀಳುತ್ತದೆ. ಒಣಗಿದ್ದನ್ನೇ ಉಜ್ಜಿದರೆ ಬಿರುಕು ಬಿಡುತ್ತದೆ.

ಲೋಕಪ್ರೇಷಣೆಯ, ಅಂದರೆ ಲೋಕದೆಲ್ಲೆಡೆಯ ಮಿಷನ್ ಕೆಲಸಕ್ಕಾಗಿ ಹೇಳುವ ಜಪಸರವನ್ನು 1951ರಲ್ಲಿ ಅಮೆರಿಕದ ಕಥೋಲಿಕ ಗುರು ಫುಲ್ಟನ್ ಶೀನ್ ರೂಪಿಸಿದರು. ಹತ್ತು ಮಣಿಗಳ ಗುಂಪಿಗೆ ದಶಕ ಎನ್ನುತ್ತಾರೆ. ಐದು ದಶಕಗಳಿಗೆ ಐದು ಬಣ್ಣ: ಆಫ್ರಿಕಾಕ್ಕೆ ಹಸಿರು, ಅಮೆರಿಕಗಳಿಗೆ ಕೆಂಪು, ಯುರೋಪಿಗೆ ಬಿಳಿ, ಓಷಿಯಾನಿಯಾಕ್ಕೆ ನೀಲಿ, ಏಷ್ಯಾಕ್ಕೆ ಹಳದಿ. ಕವಡೆಗೆ ಬಣ್ಣ ಹಚ್ಚಬೇಡಿ, ಉದುರುತ್ತದೆ. ಕಟ್ಟುವ ಹುರಿಯಲ್ಲೇ ಬಣ್ಣವಿರಲಿ. ಏಷ್ಯಾಕ್ಕೆ ಹಳದಿ ಯಾಕೆ ಎಂದರೆ ಸೂರ್ಯ ಹುಟ್ಟುವ ದಿಕ್ಕು ಎಂದು ಹಲವು ಕಡೆ ಹೇಳಿಕೊಡುತ್ತಾರೆ. ಇಲ್ಲಿ ಆ ಮಾತು ನಡೆಯದು. ಈ ದ್ವೀಪಕ್ಕೆ ಸೂರ್ಯ ಹುಟ್ಟುವುದು ಅಮೆರಿಕದ ಕಡೆಯಿಂದ, ಏಷ್ಯಾ ಇರುವುದು ಮುಳುಗುವ ದಿಕ್ಕಿನಲ್ಲಿ. ಮಕ್ಕಳು ತಕ್ಷಣ ತಿದ್ದುತ್ತಾರೆ, ಅವರೇ ಸರಿ. ಬಣ್ಣವನ್ನು ಜನರ ಮೈಬಣ್ಣಕ್ಕೆ ಹೋಲಿಸಲು ಹೊರಡುವ ಮಗುವಿಗೂ ಅಲ್ಲೇ ಮೆತ್ತಗೆ ಬೇಡವೆನ್ನಬೇಕು. ಇದು ಗುರುತಿನ ಬಣ್ಣ, ಅಷ್ಟೇ.

ಒಟ್ಟು 59 ಮಣಿ. ಉಂಗುರದಲ್ಲಿ ಹತ್ತರ ಐದು ಗುಂಪು, ಅವುಗಳ ನಡುವೆ ನಾಲ್ಕು ಒಂಟಿ ಮಣಿ. ಬಾಲದಲ್ಲಿ ಒಂದು, ಮೂರು, ಮತ್ತೆ ಒಂದು, ತುದಿಗೆ ಶಿಲುಬೆ. ಅರ್ಧ ಮೀಟರಿಗೊಂದು ಕವಡೆಯಂತೆ ಹಗ್ಗಕ್ಕೆ ಕಟ್ಟಿದರೆ ಉಂಗುರಕ್ಕೆ 27 ಮೀಟರ್, ಬಾಲಕ್ಕೆ ಎರಡೂವರೆ. ಹಾಸಿದಾಗ ಅಡ್ಡಳತೆ ಒಂಬತ್ತು ಮೀಟರಿನ ಒಳಗೆ, ಮನೆಯಾಬದಲ್ಲಿ ಸರಿಯಾಗಿ ಹಿಡಿಸುತ್ತದೆ. ಒಂದು ಮಗುವಿಗೆ ಒಂದು ಕವಡೆ. ತನ್ನ ಸರದಿಗೆ ಅದನ್ನು ಹಿಡಿದು ತನ್ನ ಭಾಷೆಯಲ್ಲಿ ಒಂದು ಮರಿಯಾ ಜಪ. ನೀಲಿಯಲ್ಲೇ ಕೂರಬೇಕೆಂದು ಜಗಳವಾಗುತ್ತದೆ, ಅದು ಅವರ ಬಣ್ಣ. ಮೊದಲೇ ಚೀಟಿ ಎತ್ತಿಸಿದರೆ ಒಳ್ಳೆಯದು. ಪೂರ್ತಿ ಮುಗಿಯಲು ಅರ್ಧ ಗಂಟೆ. ಆರೇಳು ವರ್ಷದವರಿಗೆ ಮೊದಲ ದಶಕದಲ್ಲೇ ಜಾಗ ಕೊಡಿ, ಆಮೇಲೆ ಅವರು ಚಾಪೆಯ ಮೇಲೆ ಉರುಳಾಡಿಕೊಳ್ಳಲಿ.

ಹಳದಿ ದಶಕದ ಒಂದು ಮಣಿಗೆ ಕನ್ನಡದ ‘ನಮೋ ಮರಿಯೆ’ ಕಲಿಸಬಹುದು. ಆ ಭಾಷೆಯಲ್ಲಿಲ್ಲದ ಧ್ವನಿ ಈ ಎರಡು ಪದಗಳಲ್ಲಿ ಒಂದೂ ಇಲ್ಲ, ಮೊದಲ ಸಲಕ್ಕೇ ಬಾಯಿಗೆ ಬರುತ್ತದೆ. ‘ಶಿಲುಬೆ’ ಕಲಿಸಲು ಹೋದರೆ ‘ಶ’ ಮತ್ತು ‘ಲ’ ಎರಡರಲ್ಲೂ ತಡವರಿಸುತ್ತಾರೆ.

ಸಂಜೆಯ ಪಾಠ ನಾಳೆಯ ಭಾನುವಾರದ್ದು. ಸೂರ್ಯ ಮುಳುಗುವುದು ಆರೂವರೆಯ ಸುಮಾರಿಗೆ, ಕತ್ತಲಾದ ಮೇಲೆ ಟಾರ್ಚು ಹೊರಬರಲಿ. ಟಾರ್ಚನ್ನು ಅಲುಗಿಸದೆ ಇಟ್ಟು ತೆಂಗಿನಕಾಯಿಯನ್ನು ತಿರುಗಿಸಬೇಕು. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ಸರಿಯೋ ತಪ್ಪೋ ಎಂದು ತಿಳಿಯಲು ಒಂದು ಪರೀಕ್ಷೆ: ಬೆಳಕು ಕಿರಿಸ್ಮಾಸಿಗೆ ಮೊದಲು, ತರಾವಕ್ಕೆ ಆಮೇಲೆ, ಮಂಗಳೂರಿಗೆ ಬಹಳ ಹೊತ್ತಿನ ಮೇಲೆ ಬೀಳಬೇಕು.

ಬಳಿಕ 24 ಚಾಪೆಗಳ ಆಟ. ಚಾಪೆಗೊಂದು ಗಂಟೆ. ವೃತ್ತವಾಗಿ ಹಾಸಿ ಊರುಗಳ ಹೆಸರಿಟ್ಟು ಮಕ್ಕಳನ್ನು ಕೂರಿಸಿ. ಕಿರಿಸ್ಮಾಸ್ ಮತ್ತು ಹೊನೊಲುಲು ಒಂದೇ ಚಾಪೆಯಲ್ಲಿ, ಬೆನ್ನಿಗೆ ಬೆನ್ನು ಕೊಟ್ಟು. ಎರಡೂ ಊರುಗಳ ಗಡಿಯಾರದಲ್ಲಿ ಗಂಟೆ ಒಂದೇ, ವಾರ ಬೇರೆ. ಒಬ್ಬನ ಕೈಯಲ್ಲಿ ‘ಭಾನುವಾರ’, ಇನ್ನೊಬ್ಬಳ ಕೈಯಲ್ಲಿ ‘ಶನಿವಾರ’. 1995ರ ಆರಂಭದಲ್ಲಿ ದೇಶವು ತಾರೀಕು ಬದಲಾಗುವ ಗೆರೆಯಾದ ದಿನರೇಖೆಯನ್ನು ತನ್ನ ಪೂರ್ವದ ಅಂಚಿಗೆ ಸರಿಸಿತು, ಇಡೀ ದೇಶಕ್ಕೆ ಒಂದೇ ವಾರವಿರಲೆಂದು. ಅಂದಿನಿಂದ ಪ್ರತಿ ಹೊಸ ದಿನ ಲೋಕದಲ್ಲಿ ಮೊದಲು ಕಾಲಿಡುವುದು ಈ ದ್ವೀಪಸಾಲಿನಲ್ಲಿ. ದೀಪವನ್ನು ಭಾನುವಾರದ ಮಗುವಿನಿಂದ ಹೊರಡಿಸಿ ಪ್ರದಕ್ಷಿಣೆಯ ದಿಕ್ಕಿನಲ್ಲೇ ಕೈದಾಟಿಸಬೇಕು: ಫಿಜಿ ಮತ್ತು ತರಾವ, ಪಪುವಾ, ಮನಿಲಾ, ಭಾರತ, ಕೀನ್ಯಾ, ರೋಮ್, ಘಾನಾ, ಬ್ರೆಜಿಲ್, ಮೆಕ್ಸಿಕೊ. ಭಾರತದ ಮಗು ಎರಡು ಚಾಪೆಗಳ ನಡುವೆ ಕೂರಬೇಕು, ನಮ್ಮ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ದೀಪ ಸುತ್ತಿಬಂದು ಅದೇ ಚಾಪೆಯ ಬೆನ್ನಹಿಂದಿನ ಹೊನೊಲುಲುವನ್ನು ಮುಟ್ಟುವಾಗ ಅಲ್ಲಿ ಭಾನುವಾರ ಈಗಷ್ಟೇ ಬೆಳಗುತ್ತಿರುತ್ತದೆ. ಬೆನ್ನಿಗೆ ಬೆನ್ನು ತಾಗಿರುವ ಆ ಇಬ್ಬರು ಮಕ್ಕಳಿಗೆ ದಿನರೇಖೆ ಅರ್ಥವಾದಷ್ಟು ಚೆನ್ನಾಗಿ ಯಾವ ಪಟದಿಂದಲೂ ಅರ್ಥವಾಗದು.

ಐದನೆಯ ದಿನ: ಭಾನುವಾರ

ಬೆಳಿಗ್ಗೆ ಏಳಕ್ಕೆ ಬಲಿಪೂಜೆ ಎಂದುಕೊಳ್ಳಿ. ಆ ಕ್ಷಣ ತರಾವದಲ್ಲಿ ಬೆಳಗಿನ ಐದು. ಪೋರ್ಟ್ ಮೊರೆಸ್ಬಿಯಲ್ಲಿ ಮೂರು, ಮನಿಲಾದಲ್ಲಿ ನಡುರಾತ್ರಿ ದಾಟಿ ಒಂದು. ಮಂಗಳೂರಿನಲ್ಲಿ ಇನ್ನೂ ಶನಿವಾರ ರಾತ್ರಿ ಹತ್ತೂವರೆ, ರೋಮ್‌ನಲ್ಲಿ ಶನಿವಾರ ಸಂಜೆ ಏಳು (ಅಲ್ಲಿನ ಚಳಿಗಾಲದಲ್ಲಿ ಆರು), ಸಾವ್ ಪಾವ್ಲೊದಲ್ಲಿ ಮಧ್ಯಾಹ್ನ ಎರಡು. ಇಲ್ಲಿಂದ ಹೊರಟ ಭಾನುವಾರದ ಪೂಜೆ ಅಮೆರಿಕನ್ ಸಮೋವಾದ ಪಾಗೊ ಪಾಗೊದಲ್ಲಿ ಸಂಜೆ ಆರಕ್ಕೆ ಮುಗಿಯುತ್ತದೆ ಎಂದಿಟ್ಟುಕೊಂಡರೆ ಮಧ್ಯೆ 36 ಗಂಟೆ. ಅಷ್ಟು ಹೊತ್ತು ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಭಾನುವಾರದ ರೊಟ್ಟಿ ಮುರಿಯುತ್ತಲೇ ಇರುತ್ತಾರೆ. ಅದಕ್ಕೆ ಮೊದಲ ಗಂಟೆ ಬಾರಿಸುವುದು ಈ ದ್ವೀಪಸಾಲಿನ ಮಕ್ಕಳು. ನೀವು ದೂರದವರಲ್ಲ, ಮೊದಲಿಗರು ಎಂದು ಅವರಿಗೆ ಹೇಳುವುದಕ್ಕಾಗಿಯೇ ಇಷ್ಟು ದೂರ ಬರಬೇಕು.

ಪೂಜೆಯ ಹೊತ್ತಿಗೆ ಮಕ್ಕಳಿಗೆ ಎರಡು ಕೆಲಸ. ಒಂದು, ಕೃತಜ್ಞತಾ ಪ್ರಾರ್ಥನೆಯಲ್ಲಿ ‘ಲಿಯೋ’ ಎಂಬ ಹೆಸರನ್ನು ಕಿವಿಗೊಟ್ಟು ಹಿಡಿಯುವುದು. 2025ರ ಮೇ 8ರಂದು ಆಯ್ಕೆಯಾದ ಪೋಪ್ 14ನೆಯ ಲಿಯೋ ಅವರ ಹೆಸರು ಈ ಭಾಷೆಯಲ್ಲೂ ಕನ್ನಡದಲ್ಲೂ ಸ್ವಾಹಿಲಿಯಲ್ಲೂ ಅದೇ ಜಾಗದಲ್ಲಿ ಬರುತ್ತದೆ, ಅದರ ಹಿಂದೆಯೇ ಆಯಾ ಊರಿನ ಧರ್ಮಾಧ್ಯಕ್ಷರ ಹೆಸರು. ಇನ್ನೊಂದು, ಪೀಠದ ಮೇಲಿರುವುದರಲ್ಲಿ ದ್ವೀಪದಲ್ಲಿ ಬೆಳೆಯದ್ದು ಯಾವುದು ಎಂದು ನೋಡುವುದು. ಗೋಧಿಯೂ ದ್ರಾಕ್ಷಿಯೂ ಹವಳದ ಮಣ್ಣಿನಲ್ಲಿ ಆಗವು. ಪರಮಪ್ರಸಾದದ ರೊಟ್ಟಿ ಗೋಧಿಯದ್ದೇ ಆಗಿರಬೇಕು, ರಸ ದ್ರಾಕ್ಷಿಯದ್ದೇ ಆಗಿರಬೇಕು ಎಂಬುದು ಸಭೆಯ ನಿಯಮ. ಹಾಗಾಗಿ ಪ್ರತಿ ಪೂಜೆಗೂ ಹೊರಲೋಕ ಹಡಗಿನಲ್ಲೋ ವಿಮಾನದಲ್ಲೋ ಬರಲೇಬೇಕು. ಹಲಸಿನ ಜಾತಿಯ ಬ್ರೆಡ್‌ಫ್ರೂಟ್ ಯಾಕಾಗಬಾರದು ಎಂದು ದೊಡ್ಡ ಮಕ್ಕಳು ಕೇಳಿದರೆ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಯೇಸು ಕೊನೆಯ ರಾತ್ರಿ ಕೈಗೆತ್ತಿಕೊಂಡದ್ದು ಅದನ್ನೇ, ಅದನ್ನೇ ಎಲ್ಲರೂ ಹಿಡಿದುಕೊಂಡಿದ್ದಾರೆ ಎಂದು ನೇರವಾಗಿ ಹೇಳಿ.

ಎಲ್ಲ ಕಡೆಯೂ ಪೂಜೆ ಒಂದೇ ರೀತಿ ಎಂದುಬಿಡುವುದು ಅವಸರದ ಮಾತು. ಕಥೋಲಿಕ ಸಭೆಯೊಳಗೆ ಲತೀನ್ ಸೇರಿ 24 ಸಭೆಗಳಿವೆ. ದೂರ ಹೋಗುವುದೇ ಬೇಡ. ದಕ್ಷಿಣ ಕನ್ನಡದಲ್ಲೇ ಮಂಗಳೂರು ಲತೀನ್, ಬೆಳ್ತಂಗಡಿ ಸಿರೋ ಮಲಬಾರ್, ಪುತ್ತೂರು ಸಿರೋ ಮಲಂಕರ. ಒಂದೇ ಜಿಲ್ಲೆ, ಮೂರು ಪೂಜಾಕ್ರಮ, ಒಬ್ಬರೇ ಪೋಪ್. ಮೂರರ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ಏನು ಬೇರೆ, ಏನು ಒಂದೇ ಎಂದು ಹುಡುಕಲು ಬಿಡಿ.

ಅಕ್ಟೋಬರ್ ತಿಂಗಳ ಕೊನೆಯಿಂದ ಎರಡನೆಯ ಭಾನುವಾರ ಲೋಕಪ್ರೇಷಣಾ ಭಾನುವಾರ, 1926ರಿಂದ ನಡೆದುಬಂದದ್ದು. ಪ್ರವಾಸವನ್ನು ಆ ವಾರಕ್ಕೆ ಹೊಂದಿಸಿದರೆ ಪೀಟರ್ ತೊ ರೊಟ್ ಕಥೆ ತಾನಾಗಿ ಸೇರಿಕೊಳ್ಳುತ್ತದೆ. ಪಪುವಾ ನ್ಯೂಗಿನಿಯ ರಾಕುನಾಯಿ ಹಳ್ಳಿಯ ಉಪದೇಶಿ ಆತ, ಹೆಂಡತಿ ಮಕ್ಕಳಿದ್ದವರು. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಸೇನೆ ಗುರುಗಳನ್ನೆಲ್ಲ ಸೆರೆಯಿಟ್ಟಾಗ ಊರಿನ ಜಪತಪ, ದೀಕ್ಷಾಸ್ನಾನ, ಮದುವೆಗಳನ್ನು ನಡೆಸಿಕೊಟ್ಟರು. ಒಬ್ಬನಿಗೆ ಹಲವು ಹೆಂಡಿರನ್ನು ಒಪ್ಪುವ ಆಜ್ಞೆಯನ್ನು ಎದುರಿಸಿದ್ದಕ್ಕೆ 1945ರಲ್ಲಿ ಸೆರೆಯಲ್ಲೇ ಕೊಂದರು. 2025ರ ಅಕ್ಟೋಬರ್ 19ರಂದು, ಅದೇ ಲೋಕಪ್ರೇಷಣಾ ಭಾನುವಾರ, ರೋಮ್‌ನಲ್ಲಿ ಅವರನ್ನು ಸಂತರೆಂದು ಸಾರಿದರು. ಅಕ್ಟೋಬರ್ ನಡುವಿನಲ್ಲಿ ರೋಮ್‌ನಲ್ಲಿ ಬೆಳಗಿನ ಹತ್ತು ಎಂದರೆ ಇಲ್ಲಿ ರಾತ್ರಿ ಹತ್ತು, ಸರಿಯಾಗಿ ಅರ್ಧ ದಿನ. ಪಕ್ಕದಲ್ಲಿ ಕುಳಿತು ಮಾತು ತಿರುಗಿಸುತ್ತಿರುವವರೂ ತೊ ರೊಟ್ ಅವರಂತೆಯೇ ಉಪದೇಶಿ ಎಂಬುದನ್ನು ಮಕ್ಕಳಿಗೆ ತೋರಿಸಲು ಮರೆಯಬಾರದು.

ಆರನೆಯ ದಿನ: ಲಂಡನ್ನಿನಿಂದ ಪೋಲೆಂಡಿಗೆ

ದ್ವೀಪದ ಊರುಗಳ ಹೆಸರು ಲಂಡನ್, ಟಬ್ವಾಕೆಯಾ, ಬನಾನ, ಪೋಲೆಂಡ್. ಪ್ಯಾರಿಸ್ ಎಂಬುದೂ ಇತ್ತು, ಈಗ ಪಾಳು. ಲಂಡನ್ನಿನ ಎದುರುದಂಡೆಯಲ್ಲೇ ಒಳಗಡಲಿನ ಬಾಯಿಯಾಚೆ ಪೋಲೆಂಡ್ ಇದ್ದರೂ ರಸ್ತೆಯಲ್ಲಿ ಹೋಗುವವರು ಇಡೀ ಒಳಗಡಲನ್ನು ಬಳಸಬೇಕು. ಟ್ರಕ್ಕಿಗೆ ಡೀಸೆಲ್ಲು ಹಿಂದಿನ ದಿನವೇ ತುಂಬಿಸಿ, ಕುಡಿಯುವ ನೀರನ್ನು ತಲೆಗೆ ಎರಡು ಲೀಟರಿನಂತೆ ಹೊತ್ತುಕೊಳ್ಳಿ. ನಡುವೆ ಅಂಗಡಿಯಿಲ್ಲ, ನೆರಳೂ ಕಡಿಮೆ. ಭೂಪಟ, ಹಗ್ಗದ ಜಪಸರ, ಎರಡು ತೆಂಗಿನಕಾಯಿ ಇಷ್ಟೇ ಸಾಕು.

ಊರ ಹೆಸರುಗಳೇ ಈ ದಿನದ ಪಾಠ. ಫ್ರಾನ್ಸಿನ ಇಮ್ಯಾನುಯೆಲ್ ರೂಜಿಯೇ ಹಿಂದೆ ಗುರುಗಳಾಗಿದ್ದವರು. 1917ರಿಂದ ದ್ವೀಪವನ್ನು ಗುತ್ತಿಗೆ ಹಿಡಿದು ತೆಂಗು ಹಾಕಿಸಿದರು, ಪ್ಯಾರಿಸ್ ಎಂಬ ಹೆಸರು ಆ ಕಾಲದ್ದು. ತೋಟ ನೋಡಿಕೊಂಡ ಸ್ತಾನಿಸ್ಲಾವ್ ಪೆಲ್ಚಿನ್‌ಸ್ಕಿ ಪೋಲೆಂಡಿನವರಾದ್ದರಿಂದ ಊರೇ ಪೋಲೆಂಡಾಯಿತು. ಅಲ್ಲಿನ ಮಕ್ಕಳ ಕೈಯಲ್ಲಿ ಭೂಪಟದ ಮೇಲೆ ದೊಡ್ಡ ಪೋಲೆಂಡಿಗೆ ದಾರ ಕಟ್ಟಿಸಿ, ಅಲ್ಲಿಂದ ರೋಮಿಗೆ ಎಳೆಸಿ: ಪೋಪ್ ಎರಡನೆಯ ಜಾನ್ ಪಾಲ್ ಹೋದ ದಾರಿ. ರೋಮಿನಿಂದ ಪೋರ್ಟ್ ಮೊರೆಸ್ಬಿಗೆ ಇನ್ನೊಂದು ದಾರ. 1995ರ ಜನವರಿ 17ರಂದು ಅದೇ ಪೋಪ್ ಅಲ್ಲಿಗೆ ಬಂದು ತೊ ರೊಟ್ ಅವರನ್ನು ಪುನೀತರೆಂದು ಸಾರಿದ್ದರು. ಮೊರೆಸ್ಬಿಯಿಂದ ಮತ್ತೆ ಈ ಪುಟ್ಟ ಪೋಲೆಂಡಿಗೆ. ನಾಲ್ಕು ಗಂಟು ಹಾಕಿದರೆ ದಾರ ಹೊರಟಲ್ಲಿಗೇ ಬರುತ್ತದೆ. ಗಾಳಿಗೆ ಫ್ಲೆಕ್ಸ್ ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಇಡಬೇಕು, ಗುಂಡುಪಿನ್ನು ನಿಲ್ಲುವುದಿಲ್ಲ.

ಏಳನೆಯ ದಿನ: ಕೊಡುವ ಕೈ

ಮಕ್ಕಳನ್ನು ‘ಅರ್ಥವಾಯಿತೇ?’ ಎಂದು ಕೇಳಿ ಫಲವಿಲ್ಲ. ಹುಬ್ಬು ಮೇಲೇರಿಸಿದರೆ ಅಲ್ಲಿ ಹೌದೆಂದರ್ಥ. ಅರವತ್ತು ಜೊತೆ ಹುಬ್ಬೂ ಮೇಲೇರುತ್ತವೆ, ಅದು ಅವರ ವಿನಯ. ಬದಲಿಗೆ ತೆಂಗಿನಕಾಯಿ ಕೈಗೆ ಕೊಟ್ಟು ‘ರೋಮ್ ತೋರಿಸು, ಅಲ್ಲೀಗ ಹಗಲೋ ರಾತ್ರಿಯೋ ಹೇಳು’ ಎನ್ನಿ.

ಇಂದಿನ ಪಾಠ ಕಾಣಿಕೆಯದು. ಫ್ರಾನ್ಸಿನ ಲಿಯೋನ್ ಪಟ್ಟಣದ ಪೋಲಿನ್ ಜರಿಕೊ ಹತ್ತು ಹತ್ತು ಜನರ ಗುಂಪು ಕಟ್ಟಿ, ತಲಾ ವಾರಕ್ಕೊಂದು ಚಿಕ್ಕಾಸು, ದಿನಕ್ಕೊಂದು ಜಪ ಎಂದು ಕೂಡಿಸತೊಡಗಿದರು. ಅದರಿಂದ 1822ರಲ್ಲಿ ವಿಶ್ವಾಸ ಪ್ರಸಾರದ ಸಂಘ ಹುಟ್ಟಿತು. ಮಕ್ಕಳೇ ಮಕ್ಕಳಿಗೆ ನೆರವಾಗುವ ಬಾಲಯೇಸುವಿನ ಸಂಘವನ್ನು 1843ರಲ್ಲಿ ಶುರುಮಾಡಿದವರು ನಾನ್ಸಿಯ ಧರ್ಮಾಧ್ಯಕ್ಷ ಫೋರ್ಬಿನ್ ಜಾನ್ಸನ್. ಇಲ್ಲಿನ ಮಕ್ಕಳನ್ನು ಪಡೆಯುವವರೆಂದಷ್ಟೇ ನೋಡುವುದು ದೊಡ್ಡ ತಪ್ಪು. ಲೋಕಪ್ರೇಷಣಾ ಭಾನುವಾರದ ಕಾಣಿಕೆಯನ್ನು ಬಡ ಮಿಷನ್‌ಗಳೂ ಎತ್ತುತ್ತವೆ, ಎಲ್ಲವೂ ಒಂದೇ ನಿಧಿಗೆ ಸೇರುತ್ತದೆ. ಹತ್ತು ಮಕ್ಕಳ ಆರು ಗುಂಪು ಮಾಡಿ ಪ್ರತಿ ಗುಂಪಿಗೆ ಒಂದು ತೆಂಗಿನ ಚಿಪ್ಪನ್ನು ಡಬ್ಬಿಯಾಗಿ ಕೊಡಿ. ವಾರಕ್ಕೊಂದು ಐದು ಸೆಂಟಿನ ನಾಣ್ಯ ಸಾಕು; ಮೊತ್ತ ಹೆಚ್ಚಿಸಿದರೆ ಹೊರೆ ತಾಯ್ತಂದೆಯ ಮೇಲೆ ಬೀಳುತ್ತದೆ. ನಾಣ್ಯವಿಲ್ಲದ ವಾರ ಕಾಂಗೋದ ಮಕ್ಕಳ ಹೆಸರಲ್ಲಿ ಒಂದು ಜಪ, ಅದನ್ನೂ ಒಂದು ಕವಡೆ ಹಾಕಿ ಎಣಿಸಲಿ.

ನಮ್ಮ ಕಡೆಯಿಂದ ಹೇಳಬೇಕಾದ ಒಂದು ಹೆಸರು ಸಂತ ಜೋಸೆಫ್ ವಾಜ್. ಗೋವಾದಲ್ಲಿ ಹುಟ್ಟಿ, ಕನ್ನಡ ಕರಾವಳಿಯಲ್ಲಿ ಸೇವೆಮಾಡಿ, 1687ರಲ್ಲಿ ಕೂಲಿಯವನ ವೇಷದಲ್ಲಿ ಶ್ರೀಲಂಕಾ ಸೇರಿ, ಗುರುಗಳಿಲ್ಲದ ಜನರ ನಡುವೆ 1711ರಲ್ಲಿ ಸಾಯುವವರೆಗೂ ಉಳಿದವರು. ಏಷ್ಯಾದಿಂದಲೂ ದ್ವೀಪಕ್ಕೆ ಗುರುಗಳು ಹೋದದ್ದುಂಟು. ಮುಡಿಪುವಿನಲ್ಲಿರುವ ಅವರ ಪುಣ್ಯಕ್ಷೇತ್ರದ ಚಿತ್ರವನ್ನು ಹಳದಿ ದಶಕದ ಪಕ್ಕ ಇಡಿ.

ಎಂಟನೆಯ ದಿನ: ಒಪ್ಪಿಸಿ ಹೊರಡುವುದು

ವಿಮಾನ ಬರುವ ಮುನ್ನ ಸಾಮಾನನ್ನೆಲ್ಲ ಉಪದೇಶಿಗೆ ಒಪ್ಪಿಸಬೇಕು. ಫ್ಲೆಕ್ಸನ್ನು ಮಡಿಸದೆ ಸುರುಳಿ ಸುತ್ತಿ ಅಟ್ಟಕ್ಕೆ, ಮಾರ್ಕರುಗಳನ್ನು ಬಿಗಿಯಾದ ಡಬ್ಬಿಗೆ, ಟಾರ್ಚಿನ ಸೆಲ್ಲನ್ನು ಹೊರತೆಗೆದು ಬೇರೆಯಾಗಿ. ಒಳಗೇ ಬಿಟ್ಟರೆ ಉಪ್ಪುಗಾಳಿಗೆ ತುಕ್ಕು ಹಿಡಿದು ಟಾರ್ಚೇ ಕೆಡುತ್ತದೆ. ಹಗ್ಗದ ಜಪಸರವನ್ನು ಗಂಟಾಗದಂತೆ ಎಂಟರ ಆಕಾರದಲ್ಲಿ ಸುತ್ತಿ ನಡುವೆ ಕಟ್ಟಬೇಕು. ಹಬ್ಬಗಳ ಪಟ್ಟಿಯೊಂದನ್ನು ಕಂಬಕ್ಕೆ ಅಂಟಿಸಿ: ಏಪ್ರಿಲ್ 28, ಫುತುನಾ ದ್ವೀಪದಲ್ಲಿ 1841ರಲ್ಲಿ ಪ್ರಾಣಕೊಟ್ಟ ಸಂತ ಪೀಟರ್ ಶನೆಲ್, ಜುಲೈ 7, ತೊ ರೊಟ್, ಅಕ್ಟೋಬರ್ 1, ಮಠದ ಹೊಸ್ತಿಲು ದಾಟದೆಯೇ 1927ರಲ್ಲಿ ಮಿಷನ್‌ಗಳ ಪಾಲಕಿಯಾದ ಫ್ರಾನ್ಸಿನ ಲಿಸಿಯೂವಿನ ಸಂತ ತೆರೇಸಾ, ಡಿಸೆಂಬರ್ 3, ಗೋವಾದ ಸಂತ ಫ್ರಾನ್ಸಿಸ್ ಝೇವಿಯರ್. ತೆಂಗಿನಕಾಯಿಗಳನ್ನು ಉಳಿಸಿಕೊಳ್ಳುವ ಯತ್ನ ಬೇಡ. ಮುಂದಿನ ವರ್ಷ ಹೊಸ ಕಾಯಿಗೆ ಹೊಸ ಮಕ್ಕಳು ಚುಕ್ಕೆ ಇಡಲಿ. ಅಳತೆಗಳನ್ನು ಮಾತ್ರ ಒಂದು ಹಲಗೆಯ ಮೇಲೆ ಬರೆದಿಡಿ.

ಹೊನೊಲುಲು ಕಡೆ ಹೋಗುವವರು ಇಲ್ಲಿ ಬುಧವಾರ ವಿಮಾನ ಹತ್ತಿ ಅಲ್ಲಿ ಮಂಗಳವಾರ ಇಳಿಯುತ್ತಾರೆ. ಕೈಗಡಿಯಾರದ ಗಂಟೆ ಬದಲಿಸಬೇಕಿಲ್ಲ, ತಾರೀಕು ಮಾತ್ರ ಒಂದು ಹಿಂದಕ್ಕೆ. ನಿಲ್ದಾಣಕ್ಕೆ ಬಂದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಾಪೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತವರು ಅವರು.